ಕಿನ್ನಾಳದ ಚಿತ್ರಗಾರರ ಹೊತ್ತಿಗೂ ಒಂದು ಬೆಲೆ ಇರಲಿ

ಕೊಪ್ಪಳ ಜಿಲ್ಲಾಡಳಿತದ ಹಾಗೂ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಕಿನ್ನಾಳಕ್ಕೆ ಒಂದು ದಿನದ ಮಟ್ಟಿಗೆ ಹೋಗಿಬರಬೇಕೆಂದಿರುವ ಎಲ್ಲರಿಗೆ,

ಮಾನ್ಯರೇ,

ಹಂಪಿ ನೋಡಲು ಬಂದವರು ಮರುದಿನ ಎಲ್ಲಿಗೆ ಹೋಗಬಹುದೆಂದು ಕೇಳಿದರೆ ಹೊಸಪೇಟೆಯವರಾದ ನಾವು ತುಂಗಭದ್ರಾ ಅಣೆಕಟ್ಟೆ, ಆನೆಗೊಂದಿ, ಅಂಜನಾದ್ರಿ ಎಂದು ಹೇಳಿ ಸುಮ್ಮನಾಗುವುದು ರೂಢಿ. ಈಚೆಗೆ ಕರಕುಶಲದಲ್ಲಿ ಆಸಕ್ತಿ ಇರುವ ಕೆಲವರು ತಾವಾಗಿಯೇ ಮರದ ಗೊಂಬೆಗಳ ಊರಾದ ಕಿನ್ನಾಳದ ಹೆಸರೆತ್ತುತ್ತಾರೆ. ದಾರಿ ಕಷ್ಟದ್ದಲ್ಲ. ಹೊಸಪೇಟೆಯಿಂದ ಕೊಪ್ಪಳಕ್ಕೆ ಸುಮಾರು 35 ಕಿ.ಮೀ., ಅಲ್ಲಿಂದ ಮತ್ತೆ ಹತ್ತು ಹನ್ನೆರಡು ಕಿ.ಮೀ. ಹೋದರೆ ಕಿನ್ನಾಳ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮರಳಿ ಊರು ಸೇರಬಹುದು. ಹೀಗೆ ಹೋಗುವವರ ಸಂಖ್ಯೆ ಹೆಚ್ಚಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಅವರು ಹೇಗೆ ಹೋಗಬೇಕು, ಅಲ್ಲಿ ಏನನ್ನು ನೋಡಬೇಕು, ನೋಡಿದ್ದಕ್ಕೆ ಏನು ಕೊಡಬೇಕು ಎಂಬುದನ್ನು ಬಂದವರ ಮರ್ಜಿಗೆ ಬಿಟ್ಟರೆ ಕಿನ್ನಾಳದ ಕಲೆಗೆ ಪ್ರವಾಸಿಗರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚಾದೀತೆಂಬ ಅಂಜಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಗೊತ್ತಿಲ್ಲದವರಿಗಾಗಿ ಕಿನ್ನಾಳದ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕು. ಮರದ ಗೊಂಬೆ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಚನ್ನಪಟ್ಟಣ. ಚನ್ನಪಟ್ಟಣದ ಗೊಂಬೆ ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುವಂಥದು. ಹಾಗಾಗಿ ಅದರ ಆಕಾರವೆಲ್ಲ ದುಂಡಗೆ, ನುಣ್ಣಗೆ ಇರುತ್ತದೆ. ಕಿನ್ನಾಳದ ದಾರಿಯೇ ಬೇರೆ. ಇಲ್ಲಿ ಹಗುರವಾದ ಮರವನ್ನು ಬಾಚಿ, ಉಳಿಗಳಿಂದ ಕೆತ್ತಿ, ಕೈ, ಕಾಲು, ರೆಕ್ಕೆ, ಕಿರೀಟ, ಪೀಠಗಳನ್ನು ಬೇರೆ ಬೇರೆಯಾಗಿ ಮಾಡಿ ಆಮೇಲೆ ಜೋಡಿಸುತ್ತಾರೆ. ಒಂದು ಗರುಡನಿಗೆ 12 ಬಿಡಿಭಾಗಗಳು, ಪೀಠದ ಮೇಲೆ ಕುಳಿತ ಗಣಪತಿಗೆ 22 ಎಂಬ ಲೆಕ್ಕವಿದೆ. ಈ ಕೆಲಸ ಮಾಡುವವರು ಚಿತ್ರಗಾರರು. ಕೆತ್ತುವವರೂ ಅವರೇ, ಬಣ್ಣ ಬರೆಯುವವರೂ ಅವರೇ. ಸುತ್ತಲ ಸೀಮೆಯ ದೇವಸ್ಥಾನಗಳಿಗೆ ಬೇಕಾದ ಉತ್ಸವಮೂರ್ತಿ, ವಾಹನ, ಪಲ್ಲಕ್ಕಿಯ ಕೆಲಸದಿಂದ ಹಿಡಿದು ಮನೆಯ ತೊಟ್ಟಿಲು, ಹಬ್ಬದ ಗೌರಿ, ಮಕ್ಕಳ ಆಟದ ಗೊಂಬೆಯವರೆಗೆ ಎಲ್ಲವೂ ಇವರ ಕೈಯಿಂದ ಆಗುತ್ತಿತ್ತು. ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಮರ ಕೆತ್ತಿದ ಮೇಲೆ ನಡೆಯುವುದೇ ಕಿನ್ನಾಳದ ಹೆಚ್ಚುಗಾರಿಕೆ. ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿದ ಸೆಣಬಿನ ಚಿಂದಿಗೆ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಬೆರೆಸಿದರೆ ಕಿಟ್ಟ ಸಿದ್ಧವಾಗುತ್ತದೆ. ಜೋಡಿಸಿದ ಮೂರ್ತಿಗೆ ಈ ಕಿಟ್ಟವನ್ನು ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಸಣ್ಣ ಸಣ್ಣ ತುಂಡುಗಳನ್ನು ಅದೇ ಹುಣಸೆ ಬೀಜದ ಅಂಟಿನಿಂದ ಅಂಟಿಸುತ್ತಾರೆ. ಅದು ಒಣಗಿದ ಮೇಲೆ ಕಲ್ಲಿನ ಪುಡಿಯ ಸರಿ, ಅಂದರೆ ಗಂಜಿಯಂಥ ಲೇಪ, ಬಳಿಯುತ್ತಾರೆ. ಒಡವೆ, ಅಂಚು, ಕಿರೀಟದ ಹರಳು ಎಲ್ಲವನ್ನೂ ಕಲ್ಲಿನ ಪುಡಿಗೆ ಗೋಂದು ಬೆರೆಸಿದ ಸರಿಯಿಂದ ಉಬ್ಬಿಸಿ ಬರೆಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಣ್ಣದ ಸರದಿ. ಹಳೆಯ ಕ್ರಮದಲ್ಲಿ ತವರದಿಂದ ತಯಾರಿಸಿದ ಲಾಜವಾರವೆಂಬ ಲೇಪವನ್ನು ಹಚ್ಚಿ, ತಿಕ್ಕಿ ಬೆಳ್ಳಿಯ ಹೊಳಪು ತಂದು, ಅದರ ಮೇಲೆ ಹಳದಿ ಲೇಪ ಕೊಟ್ಟು ಬಂಗಾರದ ಹೊಳಪು ಬರಿಸುತ್ತಿದ್ದರು. ಈಗ ಅಂಗಡಿಯ ಬಣ್ಣದ ಡಬ್ಬಿಗಳೂ ಬಂದಿವೆ. ಇದನ್ನು ಕಂಡು ಕೆಲವು ಪ್ರವಾಸಿಗರು ಮೂಗು ಮುರಿಯುವುದುಂಟು. ಕಡಿಮೆ ಬೆಲೆಗೆ ಗೊಂಬೆ ಬೇಕೆನ್ನುವವರೂ ಅವರೇ ಎಂಬುದನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ.

ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಮೇಲಿನ ಯಾವ ಹಂತವೂ ಹಿಂದಿನದು ಒಣಗದೆ ಮುಂದುವರಿಯುವುದಿಲ್ಲ. ಕಿಟ್ಟ ಒಣಗಬೇಕು, ಬಟ್ಟೆ ಒಣಗಬೇಕು, ಸರಿ ಒಣಗಬೇಕು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಕೆಲಸ ಬೇಗ ಸಾಗುತ್ತದೆ. ಮೋಡ ಕವಿದ ದಿನಗಳಲ್ಲಿ ಮೂರ್ತಿ ಮೂಲೆಯಲ್ಲಿ ಕುಳಿತೇ ಇರುತ್ತದೆ. ಅಂದರೆ ಒಂದು ದಿನಕ್ಕೆಂದು ಬಂದವನಿಗೆ ಒಂದು ಗೊಂಬೆ ಮೊದಲಿನಿಂದ ಕೊನೆಯವರೆಗೆ ಆಗುವುದನ್ನು ನೋಡಲು ಸಾಧ್ಯವೇ ಇಲ್ಲ. ಅವನಿಗೆ ಕಾಣುವುದು ಆ ದಿನ ಆ ಮನೆಯಲ್ಲಿ ಯಾವ ಹಂತ ನಡೆದಿದೆಯೋ ಅದೊಂದೇ, ಜೊತೆಗೆ ಕಪಾಟಿನಲ್ಲಿರುವ ಬಣ್ಣ ಬಳಿದ ಸಿದ್ಧ ಗೊಂಬೆಗಳು. ಆ ಎರಡರ ನಡುವಿನದನ್ನು ಕಾಣದವನಿಗೆ ಗೊಂಬೆಯ ಬೆಲೆ ಹೆಚ್ಚೆನಿಸುವುದು ಸಹಜ. ಅಷ್ಟೇ ಎತ್ತರದ ಅಚ್ಚಿನ ಗೊಂಬೆ ಜಾತ್ರೆಯಲ್ಲಿ ಎಷ್ಟಕ್ಕೆ ಸಿಗುತ್ತದೆಂದು ಅವನಿಗೆ ಗೊತ್ತಿರುತ್ತದೆ. ಈ ಗೊಂಬೆಯ ಬಣ್ಣದ ಕೆಳಗೆ ಬಟ್ಟೆಯ ಒಂದು ಪದರವಿದೆಯೆಂಬುದು ಗೊತ್ತಿರುವುದಿಲ್ಲ.

ಚಿತ್ರಗಾರರ ಓಣಿಯ ಒಂದು ಮನೆಯ ಪಡಸಾಲೆಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳುವುದು ಉಪಯುಕ್ತವೆನಿಸುತ್ತದೆ. ಹಿರಿಯರೊಬ್ಬರು ಮೊಣಕಾಲುಗಳ ನಡುವೆ ಗರುಡನ ಮುಂಡವನ್ನಿಟ್ಟುಕೊಂಡು ಎದೆಯ ಮೇಲಿನ ಹಾರ ಬರೆಯುತ್ತಿದ್ದರು. ಕುಂಚದ ತುದಿಯಲ್ಲಿ ಸರಿಯ ಒಂದು ಹನಿಯನ್ನು ಎತ್ತಿ, ಮೈಗೆ ತಾಕಿಸಿಯೂ ತಾಕಿಸದಂತೆ ಇಳಿಬಿಟ್ಟು, ಹನಿ ತಾನಾಗಿಯೇ ದುಂಡಾಗುವವರೆಗೆ ಉಸಿರು ಹಿಡಿದು, ಆಮೇಲೆ ಕುಂಚವನ್ನು ಮೇಲೆತ್ತುತ್ತಿದ್ದರು. ಹಾಗೆ ಒಂದರ ಪಕ್ಕಕ್ಕೆ ಒಂದು ಮಣಿ. ಸರಿ ತುಸು ನೀರಾದರೆ ಮಣಿ ಹರಿದುಹೋಗುತ್ತದೆ, ತುಸು ಗಟ್ಟಿಯಾದರೆ ಬಾಲ ಮೂಡುತ್ತದೆ. ಅಷ್ಟರಲ್ಲಿ ಕಾರೊಂದರಲ್ಲಿ ಬಂದ ಒಂದು ಕುಟುಂಬ ಬಾಗಿಲಲ್ಲಿ ನಿಂತು "ಏನಾದರೂ ಮಾಡಿ ತೋರಿಸ್ತೀರಾ?" ಎಂದು ಕೇಳಿತು. ಹಿರಿಯರು ಕುಂಚ ಕೆಳಗಿಟ್ಟು, ಕೈ ಒರೆಸಿಕೊಂಡು, ಉಳಿ ಕೊಡತಿ ಹಿಡಿದು ಪಕ್ಕದಲ್ಲಿದ್ದ ಮರದ ತುಂಡೊಂದನ್ನು ನಾಲ್ಕು ಏಟು ಕೆತ್ತಿ ತೋರಿಸಿದರು. ಫೋಟೋ ಆಯಿತು, ವಿಡಿಯೋ ಆಯಿತು, ಮಕ್ಕಳ ಕೈಗೂ ಉಳಿ ಬಂತು. ಒಂದು ಪುಟ್ಟ ಗಿಳಿ ಚೌಕಾಸಿಯ ನಂತರ ಮಾರಾಟವಾಯಿತು. ಅವರು ಹೋದ ಮೇಲೆ ಬಟ್ಟಲಿನ ಸರಿ ಕೆನೆಗಟ್ಟಿತ್ತು. ಅದಕ್ಕೆ ಮತ್ತೆ ನೀರು ಹಾಕಿ ಹದ ಮಾಡಿಕೊಳ್ಳುತ್ತ ಆ ಹಿರಿಯರು, "ಬಂದವ್ರನ್ನ ಬ್ಯಾಡ ಅನ್ನಾಕ ಬರಂಗಿಲ್ರಿ" ಎಂದಷ್ಟೇ ಹೇಳಿದರು.

ಆ ಕುಟುಂಬ ತಪ್ಪು ಮಾಡಿತೆಂದು ನಾನು ಹೇಳುತ್ತಿಲ್ಲ. ಅವರು ಮರ್ಯಾದೆಯಿಂದಲೇ ಮಾತನಾಡಿದರು, ಕೊಂಡದ್ದಕ್ಕೆ ದುಡ್ಡನ್ನೂ ಕೊಟ್ಟರು. ಆದರೆ ಅವರು ನೋಡಬೇಕಾಗಿದ್ದದ್ದು ಅವರು ಬರುವ ಮುಂಚೆಯೇ ಅಲ್ಲಿ ನಡೆಯುತ್ತಿತ್ತು. ಅವರಿಗಾಗಿ ಅದನ್ನೇ ನಿಲ್ಲಿಸಬೇಕಾಯಿತು. ಮಾಡಿ ತೋರಿಸಲು ಹಿಡಿದ ಹೊತ್ತಿನ ಕೂಲಿಯೆಲ್ಲ ಆ ಪುಟ್ಟ ಗಿಳಿಯ ಬೆಲೆಯಲ್ಲೇ ಹುಟ್ಟಬೇಕು. ದಿನಕ್ಕೆ ಇಂಥ ಒಂದೆರಡು ಗುಂಪು ಬಂದರೆ ಸಹಿಸಬಹುದು, ರಜೆಯ ದಿನಗಳಲ್ಲಿ ಸಾಲುಗಟ್ಟಿ ಬರತೊಡಗಿದರೆ ಗರುಡನ ಹಾರ ಮುಗಿಯುವುದು ಯಾವಾಗ? ಇನ್ನೂ ದೊಡ್ಡ ಅಪಾಯ ಇದರ ಬೆನ್ನಿಗೇ ಇದೆ. ಬಂದವರು ಕೊಳ್ಳುವುದು ಚೀಲದಲ್ಲಿ ಹಿಡಿಯುವ, ಜೇಬಿಗೆ ಭಾರವಾಗದ ಸಣ್ಣ ಗೊಂಬೆಯನ್ನೇ. ಹೊತ್ತಿನ ನಷ್ಟ ತುಂಬಿಕೊಳ್ಳಲು ಮನೆಯವರು ಅಂಥವನ್ನೇ ಹೆಚ್ಚು ಮಾಡಬೇಕಾಗುತ್ತದೆ. ಗಿಳಿಗೆ ಕಿಟ್ಟವೂ ಹೆಚ್ಚು ಬೇಡ, ಬಟ್ಟೆಯೂ ಬೇಡ, ಒಡವೆಯಂತೂ ಇಲ್ಲವೇ ಇಲ್ಲ. ಹತ್ತು ವರ್ಷ ಗಿಳಿಯನ್ನೇ ಮಾಡಿದ ಮನೆಯ ಹುಡುಗನಿಗೆ ಹಾರ ಬರೆಯುವ ಹದ ಎಲ್ಲಿಂದ ಬಂದೀತು? ಪ್ರವಾಸಿಗರಿಂದ ಕಲೆ ಉಳಿಯುತ್ತದೆ ಎಂದು ಸಭೆಗಳಲ್ಲಿ ಹೇಳುವಾಗ ಯಾವ ಕಲೆ ಉಳಿಯುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇದು. ಕಿನ್ನಾಳದಲ್ಲಿ ಕೆಲಸ ನೋಡುವುದಕ್ಕೆ ಒಂದು ದರ ನಿಗದಿಯಾಗಲಿ, ಆ ದರ ಗೊಂಬೆಯ ಬೆಲೆಯಿಂದ ಬೇರೆಯಾಗಿರಲಿ, ಮತ್ತು ಅದು ನೇರವಾಗಿ ತೋರಿಸಿದ ಮನೆಗೆ ಸೇರಲಿ. ವಿಜಯ ವಿಠ್ಠಲನ ಕಲ್ಲಿನ ರಥ ನೋಡಲು ಟಿಕೆಟ್ ಕೊಳ್ಳುವಾಗ ಯಾರೂ ಗೊಣಗುವುದಿಲ್ಲ. ಉಳಿ ಹಿಡಿದು ಎದುರಿಗೆ ಕುಳಿತ ಮನುಷ್ಯನ ಹೊತ್ತು ಮಾತ್ರ ಪುಕ್ಕಟೆಯಾಗಿ ಸಿಗಬೇಕೆಂಬುದು ಯಾವ ನ್ಯಾಯ? ದರ ಎಷ್ಟಿರಬೇಕೆಂದು ನಾನು ಹೇಳುವುದು ಸರಿಯಲ್ಲ, ಕಚೇರಿಯಲ್ಲಿ ಕುಳಿತು ತಾವು ನಿರ್ಧರಿಸುವುದೂ ಸರಿಯಲ್ಲ. ಚಿತ್ರಗಾರರ ಮನೆಗಳವರೇ ಸೇರಿ ತೀರ್ಮಾನಿಸಲಿ, ಸರದಿಯನ್ನೂ ಅವರೇ ಗೊತ್ತುಮಾಡಲಿ. ಇಂದು ಈ ಮನೆ, ನಾಳೆ ಆ ಮನೆ ಎಂದಾದರೆ ಓಣಿಯ ಮೊದಲ ಮನೆಗೆ ಮಾತ್ರ ಗಿರಾಕಿ ಸಿಗುವ, ಕೊನೆಯ ಮನೆಯವರು ಬಾಗಿಲಲ್ಲಿ ನಿಂತು ಕಾಯುವ ಸ್ಥಿತಿ ತಪ್ಪುತ್ತದೆ. ಸರದಿ ಇಲ್ಲದ ಮನೆಗಳು ಅಂದು ನಿಶ್ಚಿಂತೆಯಿಂದ ತಮ್ಮ ಕೆಲಸ ನೋಡಿಕೊಳ್ಳಬಹುದು.

ಇದರ ಜೊತೆಗೆ ಹೆಚ್ಚು ಖರ್ಚಿಲ್ಲದ ಒಂದು ಏರ್ಪಾಡನ್ನು ಸೂಚಿಸುತ್ತೇನೆ. ಒಂದು ಮೂರ್ತಿಯ ಎಲ್ಲ ಹಂತಗಳೂ ಒಟ್ಟಿಗೆ ಕಾಣುವಂತೆ, ಅದೇ ಗರುಡನನ್ನು ಬರಿಯ ಕೆತ್ತಿದ ಮರವಾಗಿ, ಕಿಟ್ಟ ಮೆತ್ತಿದ್ದಾಗಿ, ಬಟ್ಟೆ ಅಂಟಿಸಿದ್ದಾಗಿ, ಸರಿ ಬಳಿದು ಒಡವೆ ಉಬ್ಬಿಸಿದ್ದಾಗಿ, ಕೊನೆಗೆ ಬಣ್ಣ ತುಂಬಿದ್ದಾಗಿ ಮಾಡಿಸಿ, ಊರಲ್ಲಿ ಒಂದು ಕೋಣೆಯಲ್ಲಿ ಸಾಲಾಗಿ ಇಡಿಸಬೇಕು. ಈ ಮೂರ್ತಿಗಳನ್ನು ಇಲಾಖೆ ಪೂರ್ತಿ ಬೆಲೆ ಕೊಟ್ಟೇ ಕೊಳ್ಳಲಿ. ಬಂದವರು ಅರ್ಧ ಗಂಟೆ ಅಲ್ಲಿ ನಿಂತು, ಬಟ್ಟೆಯ ಪದರವನ್ನು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಆ ದಿನದ ಸರದಿಯ ಮನೆಗೆ ಹೋದರೆ ಅವರಿಗಾಗಿ ಯಾರೂ ಕೈಯಲ್ಲಿದ್ದ ಕುಂಚ ಇಳಿಸಬೇಕಾಗಿಲ್ಲ. ಅಲ್ಲಿ ಏನು ನಡೆಯುತ್ತಿದೆಯೋ ಅದು ಇಡೀ ಕೆಲಸದ ಯಾವ ಹಂತವೆಂದು ಅವರಿಗೇ ತಿಳಿಯುತ್ತದೆ. ವಿವರಿಸಲು ಊರಿನದೇ ಹುಡುಗ ಹುಡುಗಿಯರಿಗೆ ತರಬೇತಿ ಕೊಡಬಹುದು. ಹೊರಗಿನ ಮಾರ್ಗದರ್ಶಿಗಳು ಗಿರಾಕಿ ಕರೆತಂದದ್ದಕ್ಕೆ ಕಮಿಷನ್ ಕೇಳುವ ಪದ್ಧತಿ ಬಹುತೇಕ ಎಲ್ಲ ಪ್ರವಾಸಿ ಸ್ಥಳಗಳಲ್ಲೂ ಇದೆ. ಅದು ಇಲ್ಲಿ ಬೇರೂರುವ ಮುನ್ನವೇ ತಡೆಯುವುದು ಸುಲಭ.

ಮಾಹಿತಿ ಫಲಕದ ವಿಷಯದಲ್ಲಿಯೂ ಒಂದು ಮಾತು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ಗಿರಿಜಾ ಕಲ್ಯಾಣ, ವಿದ್ಯಾರಣ್ಯರ ಮೆರವಣಿಗೆ, ಅರ್ಜುನನ ಮತ್ಸ್ಯಯಂತ್ರ ಭೇದನ ಮೊದಲಾದ ಚಿತ್ರಗಳಿವೆ. ಅವನ್ನು ಬರೆದವರು, ಹಂಪಿಯ ಮರದ ತೇರನ್ನು ಕೆತ್ತಿದವರು ತಮ್ಮ ಪೂರ್ವಜರೆಂಬುದು ಕಿನ್ನಾಳದ ಚಿತ್ರಗಾರರ ನಂಬಿಕೆ. ಒಂದು ಮನೆಯಲ್ಲಿ ಸಿಕ್ಕ ಹಳೆಯ ಕಾಗದದ ನಕಲು ರೇಖಾಚಿತ್ರಗಳು ಈ ನಂಬಿಕೆಗೆ ಬಲ ಕೊಡುತ್ತವೆ. ಆದರೆ ಚಾವಣಿ ಚಿತ್ರಗಳ ಕಾಲದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾಗಿರುವಾಗ ಫಲಕದ ಮೇಲೆ ಇದನ್ನು ಸಿದ್ಧವಾದ ಇತಿಹಾಸವೆಂಬಂತೆ ಬರೆಯುವುದು ಬೇಡ, ನಂಬಿಕೆಯನ್ನು ನಂಬಿಕೆಯೆಂದೇ ಬರೆದರೆ ಅದರ ಘನತೆ ಏನೂ ಕುಗ್ಗುವುದಿಲ್ಲ. ಬೆಳಿಗ್ಗೆ ವಿರೂಪಾಕ್ಷನ ಗುಡಿಯಲ್ಲಿ ತಲೆಯೆತ್ತಿ ಚಾವಣಿ ನೋಡಿದವರು ಮಧ್ಯಾಹ್ನ ಕಿನ್ನಾಳದಲ್ಲಿ ಮೂರ್ತಿಯ ಮುಖದ ಮೇಲಿನ ಗೆರೆ ನೋಡಿ ತಮ್ಮದೇ ಅಭಿಪ್ರಾಯಕ್ಕೆ ಬರಲಿ. ಹಾಗೆ ಎರಡನ್ನೂ ಒಂದೇ ದಿನ ನೋಡಲು ಅನುವಾಗುವಂತೆ ಹಂಪಿಯ ಪ್ರವಾಸಿ ಮಾಹಿತಿಯಲ್ಲೇ ಕಿನ್ನಾಳದ ದಾರಿಯನ್ನು ಸೇರಿಸಬಹುದು. ಹಂಪಿ ಇರುವುದು ವಿಜಯನಗರ ಜಿಲ್ಲೆಯಲ್ಲಿ, ಕಿನ್ನಾಳ ಕೊಪ್ಪಳ ಜಿಲ್ಲೆಯಲ್ಲಿ. ಪ್ರವಾಸಿಗನಿಗೆ ಈ ಗಡಿ ಕಾಣುವುದಿಲ್ಲ, ಕಡತಗಳಿಗೂ ಕಾಣದಿದ್ದರೆ ಒಳ್ಳೆಯದು.

ಆದರೆ ಒಂದೇ ದಿನಕ್ಕೆ ಎಲ್ಲವನ್ನೂ ತುರುಕುವ ಚಟದಿಂದ ದಯವಿಟ್ಟು ದೂರವಿರಿ. ಕೊಪ್ಪಳದ ಕೋಟೆ, ಗವಿಮಠದ ಬಳಿಯ ಅಶೋಕನ ಶಾಸನ, 1112ರಲ್ಲಿ ಕಟ್ಟಿದ, ಶಾಸನವೇ "ದೇವಾಲಯ ಚಕ್ರವರ್ತಿ" ಎಂದು ಕರೆದ ಇಟಗಿಯ ಮಹಾದೇವ ದೇವಾಲಯ, ಇವೆಲ್ಲ ನೋಡಲೇಬೇಕಾದವು ಎಂಬುದರಲ್ಲಿ ಎರಡು ಮಾತಿಲ್ಲ. ಇವುಗಳ ಜೊತೆಗೆ ಕಿನ್ನಾಳವನ್ನೂ ಸೇರಿಸಿ ಒಂದು ದಿನದ ಪ್ಯಾಕೇಜ್ ಮಾಡಿದರೆ ಬಸ್ಸು ಓಣಿಯ ತುದಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ, ನಲವತ್ತು ಜನ ಒಂದೇ ಪಡಸಾಲೆಗೆ ನುಗ್ಗುತ್ತಾರೆ. ಕಿನ್ನಾಳಕ್ಕೆ ಕನಿಷ್ಠ ಅರ್ಧ ದಿನ ಬೇಕು. ಗುಂಪು ಚಿಕ್ಕದಿರಬೇಕು. ಬೇಕಿದ್ದರೆ ಉಳಿದ ಅರ್ಧ ದಿನಕ್ಕೆ ಇಟಗಿಯೊಂದನ್ನು ಇಡಿ. ಮರದಲ್ಲಿ ಉಳಿ ಆಡುವುದನ್ನು ನೋಡಿ ಬಂದ ಕಣ್ಣಿಗೆ ಅಲ್ಲಿನ ಕಲ್ಲಿನ ಕಂಬಗಳು ಬೇರೆಯೇ ಆಗಿ ಕಾಣುತ್ತವೆ.

ಚನ್ನಪಟ್ಟಣದ ಅನುಭವವನ್ನು ಇಲ್ಲಿ ನೆನೆಯುವುದು ಅಗತ್ಯ. ಬೆಂಗಳೂರು-ಮೈಸೂರು ಹೆದ್ದಾರಿಯ ಅಂಚಿನಲ್ಲಿ ಸಾಲು ಸಾಲಾಗಿದ್ದ ಗೊಂಬೆ ಅಂಗಡಿಗಳು ದಾರಿಹೋಕರ ವಾಹನಗಳನ್ನೇ ನಂಬಿಕೊಂಡಿದ್ದವು. 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಊರನ್ನು ಬಳಸಿಕೊಂಡು ಹೋದಾಗ ಆ ಅಂಗಡಿಗಳವರ ವ್ಯಾಪಾರಕ್ಕೆ ಬಿದ್ದ ಪೆಟ್ಟು ಪತ್ರಿಕೆಗಳಲ್ಲೆಲ್ಲ ವರದಿಯಾಯಿತು. ಕಿನ್ನಾಳ ಹೆದ್ದಾರಿಯ ಮೇಲಿಲ್ಲ. ಬೇಕೆಂದೇ ತಿರುಗಿ ಬಂದವನು ಮಾತ್ರ ಅಲ್ಲಿಗೆ ತಲುಪುತ್ತಾನೆ. ಇದನ್ನು ಕೊರತೆಯೆಂದು ತಿಳಿದು ಹೆದ್ದಾರಿ ಬದಿಯಲ್ಲೊಂದು ಮಳಿಗೆ, ಊರ ಬಾಗಿಲಲ್ಲೊಂದು ಕಮಾನು, ಅದರ ಮುಂದೆ ಸೆಲ್ಫಿ ಕಟ್ಟೆ ಎಂದು ಯೋಚಿಸುವವರು ಇದ್ದೇ ಇರುತ್ತಾರೆ. ನನ್ನ ಮಟ್ಟಿಗೆ ಇದೇ ಕಿನ್ನಾಳದ ಅನುಕೂಲ. ಬೇಕೆಂದೇ ಬಂದವನು ಕೇಳಲು, ಕೂರಲು, ಕೊಡಲು ಸಿದ್ಧನಾಗಿ ಬಂದಿರುತ್ತಾನೆ. ಅವನಿಗೆ ಬೇಕಾದದ್ದು ಓಣಿಯನ್ನು ತೋರಿಸುವ ಸರಳ ಕೈಕಂಬ, ಕೊಪ್ಪಳ ಬಸ್ ನಿಲ್ದಾಣದಲ್ಲಿ ಕಿನ್ನಾಳದ ಬಸ್ಸಿನ ವೇಳೆಯ ಫಲಕ, ಹೆಣ್ಣುಮಕ್ಕಳು ಹಿಂಜರಿಯದೆ ಬಳಸಬಹುದಾದ ಒಂದು ಶುಚಿಯಾದ ಶೌಚಾಲಯ, ನಾಲ್ಕು ಮಂದಿ ಕೂತು ಉಣ್ಣುವ ನೆರಳು. ಊಟವನ್ನು ಊರಿನ ಮನೆಯವರೇ ಕೊಡಲಿ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಸಿಕ್ಕಿದರೆ ಬೇಡವೆನ್ನುವ ಪ್ರವಾಸಿಗನನ್ನು ನಾನಂತೂ ಕಂಡಿಲ್ಲ.

ಕೊಪ್ಪಳ ಜಿಲ್ಲೆಯ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಕುಕನೂರು ಭಾಗದ ಭಾನಾಪುರದ ಬಳಿ 400 ಎಕರೆಯ ಆಟಿಕೆ ತಯಾರಿಕಾ ಕ್ಲಸ್ಟರ್‌ಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಆಗ ಕೊಪ್ಪಳವೆಂದರೆ ಗೊಂಬೆಗಳ ನಾಡು ಎಂಬ ಮಾತಿನಲ್ಲಿ ಕಿನ್ನಾಳದ ಹೆಸರೂ ಓಡಾಡಿತು. ಕಾರ್ಖಾನೆಯ ಬಗ್ಗೆ ನನಗೆ ತಕರಾರಿಲ್ಲ, ಅಲ್ಲಿ ದುಡಿಯುವ ಕೈಗಳಿಗೆ ಕೆಲಸ ಸಿಗುವುದು ಬೇಕಾದದ್ದೇ. ಆದರೆ ಅಚ್ಚಿನಲ್ಲಿ ಎರಕವಾಗುವ ಆಟಿಕೆಗೂ ಕಿನ್ನಾಳದ ಮೂರ್ತಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಕಿನ್ನಾಳದ ಹೆಸರನ್ನು ದೊಡ್ಡ ಉದ್ದಿಮೆಯ ಜಾಹೀರಾತಿಗೆ ಬಳಸಿಕೊಳ್ಳುವಷ್ಟೇ ಉತ್ಸಾಹದಿಂದ ಅಲ್ಲಿನ ಮನೆಗಳಿಗೆ ಬೇಕಾದ ಮರದ ಬಗ್ಗೆಯೂ ಆಡಳಿತ ಯೋಚಿಸಬೇಕು. ಈ ಕೆಲಸಕ್ಕೆ ಒಗ್ಗುವ ಹಗುರ ಮರ ಯಾವುದು, ಅದು ಎಷ್ಟು ವರ್ಷಕ್ಕೆ ಕಡಿಯಲು ಬರುತ್ತದೆ, ಎಷ್ಟು ಒಣಗಿದ ಮೇಲೆ ಉಳಿ ಹಿಡಿಸಬಹುದು ಎಂಬುದು ಚಿತ್ರಗಾರರಿಗೆ ಗೊತ್ತು. ಅವರನ್ನು ಕೇಳಿ ಅರಣ್ಯ ಇಲಾಖೆಯ ನೆಡುತೋಪಿನಲ್ಲಿ ಒಂದು ಭಾಗವನ್ನು ಅದಕ್ಕೆ ಮೀಸಲಿಟ್ಟರೆ ಮುಂದಿನ ತಲೆಮಾರಿನ ಕೆಲಸಕ್ಕೆ ಮರದ ಚಿಂತೆ ಇರುವುದಿಲ್ಲ. ಇದು ಪ್ರವಾಸೋದ್ಯಮದ ವ್ಯಾಪ್ತಿಗೆ ಬರುವುದಿಲ್ಲವೆಂದು ತಾವು ಹೇಳಬಹುದು. ಮರವಿಲ್ಲದ ಮೇಲೆ ಮರಗೆತ್ತನೆಯ ಊರಿಗೆ ಪ್ರವಾಸ ಕರೆದೊಯ್ದು ತೋರಿಸುವುದೇನನ್ನು?

ಸಾಗಾಟದ ತೊಂದರೆಯನ್ನೂ ಗಮನಿಸಬೇಕು. ಒಂದು ಅಡಿ ಎತ್ತರದ ಗರುಡನನ್ನು ಕೊಳ್ಳಲು ಮನಸ್ಸಿದ್ದರೂ, ರೈಲಿನಲ್ಲಿ ಒಯ್ದರೆ ರೆಕ್ಕೆಯ ತುದಿ ಮುರಿದೀತು, ಉಬ್ಬು ಒಡವೆ ಉದುರೀತು ಎಂಬ ಭಯದಿಂದ ಕೈಬಿಡುವವರಿದ್ದಾರೆ. ಒಳ್ಳೆಯ ರಟ್ಟಿನ ಪೆಟ್ಟಿಗೆ, ಒಳಗೆ ತುಂಬಲು ತಕ್ಕ ಸಾಮಗ್ರಿ, ಅಂಚೆ ಕಚೇರಿಯ ಮೂಲಕ ಪಾರ್ಸೆಲ್ ಕಳಿಸುವ ಖಾತರಿಯ ವ್ಯವಸ್ಥೆ, ಇಷ್ಟಿದ್ದರೆ ದೊಡ್ಡ ಮೂರ್ತಿಗಳು ಬೆಂಗಳೂರಿಗೂ ಹೋಗುತ್ತವೆ, ಹೊರದೇಶದಲ್ಲಿರುವ ಕನ್ನಡಿಗರ ದಸರಾ ಗೊಂಬೆ ಸಾಲಿಗೂ ಸೇರುತ್ತವೆ. ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಲ್ಲಿ ಕೊಳ್ಳುವುದೂ ಒಳ್ಳೆಯದೇ. ಆದರೆ ಮಾಡಿದವರ ಮುಖ ನೋಡಿ ಕೊಂಡವನು ಮುಂದಿನ ವರ್ಷ ಫೋನ್ ಮಾಡಿ ಇನ್ನೊಂದನ್ನು ಹೇಳುತ್ತಾನೆ. ಈ ಒಂದು ದಿನದ ಭೇಟಿಯ ನಿಜವಾದ ಗಳಿಕೆ ಆ ದಿನದ ಮಾರಾಟಕ್ಕಿಂತ ಇಂಥ ಮುಂಗಡ ಬೇಡಿಕೆಯಲ್ಲೇ ಇದೆ. ದೊಡ್ಡ ಮೂರ್ತಿಗೆ ಮುಂಗಡ ಬಂದರೆ ಗಿಳಿಯ ಮೇಲಿನ ಅವಲಂಬನೆ ತಾನಾಗಿ ತಗ್ಗುತ್ತದೆ.

ಇನ್ನು ಹೋಗಿಬರುವವರಲ್ಲಿ ಕೆಲವು ಮಾತು. ಹೋಗುವ ಮುನ್ನ ವಿಚಾರಿಸಿಕೊಂಡು ಹೋಗಿ. ಊರ ಜಾತ್ರೆ, ಹಬ್ಬಗಳ ಮುಂಚಿನ ವಾರಗಳಲ್ಲಿ ಆ ಮನೆಗಳಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ. ನಮ್ಮ ಕಡೆ ಗ್ರಾಮದೇವತೆ ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳಿಗೆ ಜಾತ್ರೆಗೆ ಮುನ್ನ ಹೊಸದಾಗಿ ಬಣ್ಣ ಮಾಡಿಸುವ ಪದ್ಧತಿಯಿದೆ. ಅಂಥ ಮೂರ್ತಿ ಮನೆಯಲ್ಲಿದ್ದರೆ ಅದು ಪ್ರದರ್ಶನದ ವಸ್ತುವಲ್ಲ, ಒಂದು ಇಡೀ ಊರು ನಂಬಿ ಒಪ್ಪಿಸಿದ ದೇವರು. ಕಣ್ಣು ಬರೆಯುವುದು ಕೊನೆಯ ಕೆಲಸ. ಪೂಜೆಯ ಮೂರ್ತಿಗೆ ಕಣ್ಣು ಬರೆಯುವಾಗ ಅದರದೇ ಆದ ಕಟ್ಟುಪಾಡುಗಳಿರುತ್ತವೆ. ಅದನ್ನೇ ವಿಡಿಯೋ ಮಾಡಿಕೊಳ್ಳಬೇಕೆಂದು ಪಟ್ಟು ಹಿಡಿಯಬೇಡಿ. ಕೇಳಿ, ಬೇಡವೆಂದರೆ ಮೊಬೈಲು ಜೇಬಿನಲ್ಲಿಡಿ. ಫೋಟೋ ತೆಗೆಯುವಾಗ ಉಳಿ ಹಿಡಿದ ಗಂಡಸನ್ನಷ್ಟೇ ತೆಗೆದು ತೃಪ್ತರಾಗಬೇಡಿ. ಹುಣಸೆ ಬೀಜ ಅರೆಯುವಲ್ಲಿ, ಬಟ್ಟೆ ಅಂಟಿಸುವಲ್ಲಿ, ಬಣ್ಣ ತುಂಬುವಲ್ಲಿ ಮನೆಯ ಹೆಣ್ಣುಮಕ್ಕಳ ದುಡಿಮೆಯೂ ಇರುತ್ತದೆ. ಅವರು ಒಳಗಿನ ಕೋಣೆಯಲ್ಲಿರುವುದರಿಂದ ನಿಮ್ಮ ಚಿತ್ರದಲ್ಲಿ ಬರುವುದಿಲ್ಲ, ಅಷ್ಟೇ. ಅವರ ಒಪ್ಪಿಗೆ ಪಡೆದು ಆ ಕೆಲಸವನ್ನೂ ನೋಡಿ, ವಿಚಾರಿಸಿ.

ಚೌಕಾಸಿ ಮಾಡಬಾರದೆಂದು ನಾನು ಹೇಳಲಾರೆ. ಸಂತೆಯಲ್ಲಿ ಬೆಳೆದ ನಮಗೆ ಅದು ರಕ್ತದಲ್ಲೇ ಇದೆ. ಆದರೆ ಬೆಲೆ ಕೇಳಿದ ಮೇಲೆ, ಇದಕ್ಕೆ ಎಷ್ಟು ದಿನ ಹಿಡಿಯಿತು ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಬೆಲೆಯನ್ನು ದಿನಗಳಿಂದ ಭಾಗಿಸಿ, ನಿಮ್ಮ ಊರಿನಲ್ಲಿ ಗಾರೆ ಕೆಲಸದವನಿಗೆ ಕೊಡುವ ದಿನಗೂಲಿಯ ಪಕ್ಕದಲ್ಲಿಟ್ಟು ನೋಡಿ. ಆಮೇಲೂ ಕಡಿಮೆ ಮಾಡಿ ಎನ್ನಲು ಬಾಯಿ ಬಂದರೆ ಕೇಳಬಹುದು. ಮಕ್ಕಳನ್ನು ಕರೆದೊಯ್ಯುವವರು ಮುಖ್ಯವಾಗಿ ಈ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ಶಾಲೆಗಳ ಶೈಕ್ಷಣಿಕ ಪ್ರವಾಸಕ್ಕೆ ಕಿನ್ನಾಳಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಇಲ್ಲವೆಂದು ನನ್ನ ಅಭಿಪ್ರಾಯ. ಆದರೆ ನೂರು ಮಕ್ಕಳನ್ನು ಒಟ್ಟಿಗೆ ಕರೆತರುವ ಬದಲು ಒಂದು ತರಗತಿಯನ್ನು ಕರೆತಂದು, ಹಗುರ ಮರದ ತುಂಡೊಂದನ್ನು ಅರದಿಂದ ಉಜ್ಜಿ ನೋಡಲು ಪ್ರತಿ ಮಗುವಿಗೂ ಅವಕಾಶ ಕೊಟ್ಟರೆ ಬಂದದ್ದು ಸಾರ್ಥಕ. ಶಾಲೆಯೂ ತೋರಿಸಿದ ಮನೆಗೆ ದರ ಕೊಡಬೇಕು. ಸರ್ಕಾರಿ ಶಾಲೆಯಾದರೆ ಆ ಹಣವನ್ನು ಇಲಾಖೆಯೇ ಭರಿಸುವ ಆದೇಶವೊಂದು ಹೊರಡಲಿ.

ಅಧಿಕಾರಿಗಳಲ್ಲಿ ಕೊನೆಯ ಬಿನ್ನಹ. ದರ, ಸರದಿ, ಹಂತಗಳ ಕೋಣೆ, ಮರ, ಪಾರ್ಸೆಲ್ ಈ ವಿಷಯಗಳ ಬಗ್ಗೆ ತಾವು ಸಭೆ ಕರೆಯುವುದಾದರೆ ಅದು ಜಿಲ್ಲಾಡಳಿತ ಭವನದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಆಗದಿರಲಿ. ಹಾಗೆ ಕರೆದರೆ ಬರುವವರಿಗೆ ಒಂದು ಬಿಸಿಲಿನ ಕೆಲಸ ಪೂರ್ತಿ ಹೋಗುತ್ತದೆ, ಹೆಣ್ಣುಮಕ್ಕಳು ಬರುವುದೇ ಇಲ್ಲ. ಬೆಳಕು ಇಳಿದು ಕುಂಚ ತೊಳೆದಿಟ್ಟ ಮೇಲೆ, ಕಿನ್ನಾಳದಲ್ಲೇ, ಚಿತ್ರಗಾರರ ಓಣಿಯಲ್ಲೇ ಸಭೆ ಸೇರಲಿ. ಮುಂದಿನ ಪ್ರವಾಸದ ಹಂಗಾಮು ಶುರುವಾಗುವುದು ದಸರಾ ರಜೆಯಿಂದ. ದರದ ವಿಷಯವೊಂದಾದರೂ ಅದಕ್ಕೆ ಮುನ್ನ ತೀರ್ಮಾನವಾಗಿ, ಓಣಿಯ ಬಾಯಲ್ಲಿ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಬರೆದು ಹಾಕಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹೊಸಪೇಟೆಯ ಒಬ್ಬ ನಿವಾಸಿ